ಇಟಾಲಿಯನ್ ವ್ಯಾಕರಣ: ನಮಗೆ ಸುಲಭ ಯಾವುದು, ಕಷ್ಟ ಯಾವುದು

ವಾಸ ಅಥವಾ ಮದುವೆಯ ಆಧಾರದ ಮೇಲೆ ಇಟಲಿಯ ಪೌರತ್ವ ಕೇಳಲು 2018ರ ಡಿಸೆಂಬರ್‌ನಿಂದ ಸಾಮಾನ್ಯವಾಗಿ ಬಿ1 ಮಟ್ಟದ (ಮಧ್ಯಮ ಹಂತದ) ಇಟಾಲಿಯನ್ ಬೇಕು. ದೀರ್ಘಾವಧಿ ವಾಸದ ಪರವಾನಗಿಗೆ ಅದಕ್ಕಿಂತ ಕೆಳಗಿನ ಎ2 ಸಾಕು. ಆಫೀಸಿನಲ್ಲಿ ಇಂಗ್ಲಿಷ್ ನಡೆದರೂ ವ್ಯಾಕರಣ ತಪ್ಪಿದ್ದಲ್ಲ.

ಸ್ವರ ಬಿಡುವುದು ನಮಗೆ ಹೊಸದಲ್ಲ. ಊರು + ಅಲ್ಲಿ ಸೇರಿ 'ಊರಲ್ಲಿ' ಆಗುತ್ತದೆ ಅಲ್ವಾ? ಹಾಗೇ ಲಾ (ಇಂಗ್ಲಿಷಿನ 'the' ಥರದ ಆರ್ಟಿಕಲ್) + ಅಮೀಕಾ (ಗೆಳತಿ) ಸೇರಿ 'ಲಮೀಕಾ'. ಬಿದ್ದ ಸ್ವರದ ಜಾಗದಲ್ಲಿ ಅಪಾಸ್ಟ್ರಫಿ ಹಾಕಬೇಕು. 'ಉನಾ ಅಮೀಕಾ'ದಲ್ಲೂ (ಒಬ್ಬ ಗೆಳತಿ) ಸ್ವರ ಬೀಳುತ್ತದೆ, ಅಪಾಸ್ಟ್ರಫಿ ಬೇಕು. 'ಉನ್ ಅಮೀಕೋ' (ಗೆಳೆಯ) ಬರೆಯುವಾಗ ಬೇಡ, ಅಲ್ಲಿ ಏನೂ ಬಿದ್ದಿಲ್ಲ. ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ, ಬರೆಯುವಾಗಲೇ ಎಚ್ಚರ ಬೇಕು.

ಪುಲ್ಲಿಂಗ ಪದಕ್ಕೆ 'the' ಬದಲು ಸಾಮಾನ್ಯವಾಗಿ 'ಇಲ್'. ಪದ ಸ್ತ, ಸ್ಪ ಥರದ ಒತ್ತಕ್ಷರದಿಂದ ಶುರುವಾದರೆ 'ಲೋ': ಲೋ ಸ್ತುದೆಂತೆ (ವಿದ್ಯಾರ್ಥಿ). ನಡುವೆ 'ಹೊಸ' ಸೇರಿಸಿದರೆ ಮತ್ತೆ 'ಇಲ್': ಇಲ್ ನ್ವೋವೋ ಸ್ತುದೆಂತೆ. ಅಂದರೆ ಆರ್ಟಿಕಲ್ ನೋಡುವುದು ತನ್ನ ಪಕ್ಕದ ಪದದ ಮೊದಲ ಸದ್ದನ್ನು. ಸುಮ್ನೆ ಪಟ್ಟಿ ಉರು ಹೊಡೆಯಬೇಡಿ, ಜೋರಾಗಿ ಓದಿ. ಲಿಂಗವನ್ನು ಮಾತ್ರ ಪದದ ಜೊತೆಗೇ ಕಲಿಯಬೇಕು. ಇಲ್ಲಿ ನಪುಂಸಕಲಿಂಗ ಇಲ್ಲ. ಮಾನೋ (ಕೈ) ಸ್ತ್ರೀಲಿಂಗ, ಪ್ರೊಬ್ಲೇಮಾ ಪುಲ್ಲಿಂಗ.

ಕನ್ನಡದಲ್ಲಿ ಒಂದು ಅಂಗಿಯಾದರೂ ಹತ್ತಾದರೂ 'ಕೆಂಪು' ಕೆಂಪೇ. ಇಲ್ಲಿ ಲಿಂಗ, ವಚನಕ್ಕೆ ತಕ್ಕಂತೆ ರೊಸ್ಸೋ, ರೊಸ್ಸಾ, ರೊಸ್ಸಿ, ರೊಸ್ಸೆ ಅಂತ ನಾಲ್ಕು. ವೆರ್ದೆ (ಹಸಿರು) ಬಹುವಚನದಲ್ಲಿ ಮಾತ್ರ ವೆರ್ದಿ ಆಗುತ್ತದೆ. ಬ್ಲು (ನೀಲಿ), ರೋಸಾ (ಗುಲಾಬಿ), ವಿಯೋಲಾ (ನೇರಳೆ) ಬದಲಾಗಲ್ಲ.

ನಾವು ಜಾಸ್ತಿ ಎಡವುವುದು ಕೊಂಜುಂತೀವೋದಲ್ಲಿ, ಅಂದರೆ ಅನಿಸಿಕೆ, ಆಸೆ ಹೇಳುವಾಗ ಬರುವ ಕ್ರಿಯಾಪದದ ಬೇರೆ ರೂಪದಲ್ಲಿ. 'ಪರ್ಮಿಟ್ ರೆಡಿ ಇದೆ ಅಂತ ಗೊತ್ತು', 'ಪರ್ಮಿಟ್ ರೆಡಿ ಇದೆ ಅನ್ಸುತ್ತೆ'. ಎರಡರಲ್ಲೂ ನಮಗೆ 'ಇದೆ'. ಇಟಾಲಿಯನ್‌ನಲ್ಲಿ ಗೊತ್ತಿದ್ದರೆ 'ಸೋ ಕೆ ಇಲ್ ಪೆರ್ಮೆಸ್ಸೋ ಎ ಪ್ರೊಂತೋ', ಅನ್ನಿಸಿಕೆ ಆದರೆ 'ಪೆನ್ಸೋ ಕೆ ಇಲ್ ಪೆರ್ಮೆಸ್ಸೋ ಸೀಯಾ ಪ್ರೊಂತೋ'. 'ಎ' ಹೋಗಿ 'ಸೀಯಾ' ಬಂತು. ಪೆನ್ಸೋ ಕೆ (ಅನ್ಸುತ್ತೆ), ಕ್ರೇದೋ ಕೆ (ನಂಬುತ್ತೇನೆ), ಸ್ಪೇರೋ ಕೆ (ಆಶಿಸುತ್ತೇನೆ), ವೋಲ್ಯೋ ಕೆ (ಬಯಸುತ್ತೇನೆ): ಇವು ಬಾಯಿಗೆ ಬಂದ ಕೂಡಲೇ ಮುಂದಿನ ಕ್ರಿಯಾಪದದ ರೂಪ ಬದಲಾಗಬೇಕು. ಮಾತಿನಲ್ಲಿ ಇಟಾಲಿಯನ್ನರೇ ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಪರೀಕ್ಷೆಯಲ್ಲಿ ಅದನ್ನು ನಂಬಿಕೊಳ್ಳಬೇಡಿ.

ಕರ್ತೃ ಒಬ್ಬರೇ ಆದರೆ ಇದರ ಗೋಜಿಲ್ಲ. 'ನನಗೆ ಬರುವ ಆಸೆ' ಅನ್ನಲು 'ವೋಲ್ಯೋ ವೆನೀರೆ' ಸಾಕು. 'ನೀನು ಬರಬೇಕು ಅಂತ ನನ್ನಾಸೆ' ಅಂದಾಗ 'ವೋಲ್ಯೋ ಕೆ ತು ವೆಂಗಾ'. ಆ 'ತು' ಬಿಡಬೇಡಿ. ನಾನು, ನೀನು, ಅವನು ಮೂವರಿಗೂ 'ವೆಂಗಾ' ಒಂದೇ ರೂಪ, ಬಿಟ್ಟರೆ ಯಾರು ಬರಬೇಕು ಅಂತಲೇ ತಿಳಿಯಲ್ಲ. ರೂಪ ತಕ್ಷಣ ನೆನಪಾಗದಿದ್ದರೆ 'ಸೆಕೊಂದೋ ಮೆ' (ನನ್ನ ಪ್ರಕಾರ) ಅಂತ ಶುರು ಮಾಡಿ. ಅದರ ನಂತರ ಮಾಮೂಲಿ 'ಎ' ಹಾಕಿದರೂ ವಾಕ್ಯ ಪೂರ್ತಿ ಸರಿ.