ಟೈಮರ್ ತೆಗೆದೆ, ಪತ್ತನಾಜೆ ಇಟ್ಟೆ: ನನ್ನ ಆರ್‌ಪಿಜಿಯ ಅನುಭವ

ಟೈಮರ್ ಇಲ್ಲದೆ ಆಟಗಾರನಲ್ಲಿ ಅವಸರ ಹುಟ್ಟುವುದಿಲ್ಲ ಅಂತ ಮಂಗಳೂರಿನ ನಮ್ಮ ಗೇಮ್ ಬಳಗದವರೆಲ್ಲ ಹೇಳಿದ್ದರು. ಈಗ ನನ್ನ ಯಕ್ಷಗಾನ ಮೇಳದ ಆರ್‌ಪಿಜಿಯಲ್ಲಿ (ಪಾತ್ರವೊಂದನ್ನು ವಹಿಸಿ ಕಥೆಯೊಳಗೆ ಆಡುವ ವಿಡಿಯೋ ಗೇಮ್) ಟೈಮರೇ ಇಲ್ಲ. ಆದರೂ ಆಡುವವರು ಗಡುವು ಮರೆಯುವುದಿಲ್ಲ, ಊರು ಸುತ್ತುವುದನ್ನೂ ಬಿಡುವುದಿಲ್ಲ.

ಮೊದಲ ಬಿಲ್ಡ್‌ನಲ್ಲಿ, ಅಂದರೆ ಆಡಿಸಿ ನೋಡುವ ಮೊದಲ ಆವೃತ್ತಿಯಲ್ಲಿ, ಭಾಗವತರ ಅಪಹರಣ ಆಗುತ್ತಿತ್ತು. "ಈಗಲೇ ಹೊರಡು, ಬೆಳಗಾದರೆ ಅವರು ಉಳಿಯುವುದಿಲ್ಲ" ಅಂತ ಮೇಳದ ಯಜಮಾನರು ಹೇಳುತ್ತಿದ್ದರು. ಕದ್ರಿಯ ನನ್ನ ರೂಮಿಗೆ ಕಾಲೇಜು ಹುಡುಗರನ್ನು ಕರೆಸಿ ಆಡಿಸಿದೆ. ಅರ್ಧ ಜನ ನಂಬಿ ಓಡಿದರು. ಮಲ್ಪೆ, ಕಾಪುವಿನ ಸೈಡ್ ಕ್ವೆಸ್ಟ್‌ಗಳನ್ನು (ಮುಖ್ಯ ಕಥೆಯ ಆಚೆಗಿನ ಸಣ್ಣ ಕೆಲಸಗಳು) ಮುಟ್ಟಲೇ ಇಲ್ಲ, ಒಂದೂವರೆ ಗಂಟೆಯಲ್ಲಿ ಗೇಮ್ ಮುಗಿಸಿದರು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2 ಗಂಟೆಯೊಳಗೆ ಆಡಿದವರು ದುಡ್ಡು ವಾಪಸ್ ಕೇಳಬಹುದು, ಗೊತ್ತಲ್ವಾ? ಉಳಿದವರು ಗೇಮ್‌ನೊಳಗಿನ ಲಾಡ್ಜ್‌ನಲ್ಲಿ ಹತ್ತಾರು ರಾತ್ರಿ ಮಲಗಿ ನೋಡಿದರು. ಭಾಗವತರು ಆರಾಮಾಗಿಯೇ ಇದ್ದರು. ಆಮೇಲೆ ಯಜಮಾನರ ಯಾವ ಮಾತನ್ನೂ ಅವರು ನಂಬಲಿಲ್ಲ. ನನಗೆ ಜಾಸ್ತಿ ನೋವಾದದ್ದು ಇದೇ. ಒಂದು ಸುಳ್ಳು ಸಿಕ್ಕಿಬಿದ್ದರೆ ಕಥೆಯ ಉಳಿದ ಮಾತುಗಳೂ ಹೋಗುತ್ತವೆ.

ಸರಿ, ನಿಜವಾದ ಟೈಮರ್ ಹಾಕಿದೆ. 1997ರ ಫಾಲ್ಔಟ್ ಗೇಮ್‌ನಲ್ಲಿ ನೀರಿನ ಚಿಪ್ ಹುಡುಕಲು 150 ದಿನ ಕೊಟ್ಟಿದ್ದರಲ್ಲ, ಆ ಥರ. ಜನ ಯಾರ ಜೊತೆಯೂ ಮಾತಾಡದೆ ಹಳೆಯ ಸೇವ್‌ಗೆ (ಮೊದಲೇ ಉಳಿಸಿಟ್ಟ ಹಂತಕ್ಕೆ) ಹೋಗಿ ಹೋಗಿ ಆಡಿದರು. 2023ರ ಬಾಲ್ಡರ್ಸ್ ಗೇಟ್ 3 ಗೇಮ್‌ನಲ್ಲೂ ಪಾತ್ರದ ತಲೆಯೊಳಗೆ ಸೇರಿದ ಹುಳಕ್ಕೆ ಹೆದರಿ ಎಷ್ಟೋ ಜನ ಮಲಗಲೇ ಇಲ್ಲ. ಮಲಗಿದರೆ ಮಾತ್ರ ಕಾಣುವ ಕ್ಯಾಂಪಿನ ಒಳ್ಳೊಳ್ಳೆ ದೃಶ್ಯಗಳು ಅವರಿಗೆ ತಪ್ಪಿದವು.

ಇಷ್ಟರಲ್ಲಿ ಉಡುಪಿಯಲ್ಲಿ ರೆಕಾರ್ಡ್ ಮಾಡಿಸಿದ್ದ "ಬೇಗ ಬಾ", "ತಡವಾಯ್ತು" ಸಂಭಾಷಣೆಗಳೆಲ್ಲ ಕಸವಾದವು. ಅದಕ್ಕೇ ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಚಿತ್ರಗಳನ್ನು ತಿದ್ದಿಸಲು ಇನ್ನೊಂದು ನಲವತ್ತು ಸಾವಿರ.

ಅಪಹರಣವನ್ನೇ ಕಿತ್ತುಹಾಕಿದೆ. ಈಗ ಕಳವಾಗಿರುವುದು ಮೇಳದ ಕಿರೀಟ. ಗಡುವು ಪತ್ತನಾಜೆ. ತುಳುವಿನ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸು, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಚೌಕಿಯ (ವೇಷ ಕಟ್ಟುವ ಜಾಗದ) ಗೋಡೆಯ ಕ್ಯಾಲೆಂಡರ್ ಸಾಕು.

ದಿನ ತಾನಾಗಿ ಉರುಳುವುದಿಲ್ಲ. ಆಟಗಾರ ಚೌಕಿಗೆ ಬಂದು "ಇವತ್ತಿನ ಆಟಕ್ಕೆ ಸಿದ್ಧ" ಅಂದಾಗ, ಅಂದರೆ ಆ ರಾತ್ರಿಯ ಯಕ್ಷಗಾನಕ್ಕೆ ಒಪ್ಪಿದಾಗ, ಮಾತ್ರ ಒಂದು ರಾತ್ರಿ ಕಳೆಯುತ್ತದೆ. ಅಲ್ಲಿಯವರೆಗೆ ಮೀನಿನ ಧಕ್ಕೆಯಲ್ಲಿ ಬಂಗುಡೆ ಚೌಕಾಸಿ ಮಾಡಲಿ, ಕಾಪು ದೀಪಸ್ತಂಭ ಹತ್ತಲಿ, ಅದು ಅವನ ಇಷ್ಟ. ಆದರೆ ಆಟಕ್ಕೆ ಹೋಗದೆ ಸಂಬಳವಿಲ್ಲ, ಸಂಬಳವಿಲ್ಲದೆ ಬಸ್ಸಿಗೆ ದುಡ್ಡಿಲ್ಲ. ಹಾಗಾಗಿ ಅವನೇ ಬರುತ್ತಾನೆ. ಒಟ್ಟು ಹದಿನೆಂಟೋ ಇಪ್ಪತ್ತೋ ರಾತ್ರಿ. ಕಿರೀಟವಿಲ್ಲದ ಒಂದೊಂದು ರಾತ್ರಿಯೂ ಊರವರ ಮಾತಿನಲ್ಲಿ ಕಾಣುತ್ತದೆ. ಸಿಗದೇ ಹೋದರೆ ಗೇಮ್ ಓವರ್ ಇಲ್ಲ. ಮೇಳ ಗೆಜ್ಜೆ ಬಿಚ್ಚುತ್ತದೆ, ಮಳೆಗಾಲದ ಬೇರೆಯೇ ಅಧ್ಯಾಯ ತೆರೆಯುತ್ತದೆ. ಆ ಅಧ್ಯಾಯ ನನಗೆ ಕಿರೀಟ ಸಿಗುವ ಕೊನೆಗಿಂತ ಇಷ್ಟ.

"ಯಾರೂ ಚೌಕಿಗೆ ವಾಪಸ್ ಬರುವುದಿಲ್ಲ ಮಾರಾಯ" ಅಂತ ಗೆಳೆಯನೊಬ್ಬ ಪಂದ್ಯ ಕಟ್ಟಿದ್ದ. ಊಟ ಅವನೇ ಕೊಡಿಸಿದ. ಮೊದಲ ಸಲ ಆಡುವವರು ಈಗ ಸುಮಾರು ಐದು ಗಂಟೆ ಆಡುತ್ತಾರೆ, ಸೈಡ್ ಕ್ವೆಸ್ಟ್‌ಗಳಲ್ಲಿ ಮುಕ್ಕಾಲು ಪಾಲು ನೋಡುತ್ತಾರೆ.

ನಡುವೆ ಚೆಂಡೆಯ ಮೇಲೂ ಒಂದು ಪ್ರಯೋಗ ಮಾಡಿದೆ. ಟೈಮರ್ ಇಲ್ಲದ ಬಿಲ್ಡ್‌ನಲ್ಲೇ ಸುಮ್ನೆ ಹಿನ್ನೆಲೆಯ ಚೆಂಡೆಯ ಲಯ ಏರಿಸಿದೆ. ಜನ ಮತ್ತೆ ಓಡತೊಡಗಿದರು! ಹಾಗಾಗಿ ಊರು ಸುತ್ತುವಾಗ ಬರೀ ಮದ್ದಳೆ, ರಂಗಸ್ಥಳದಲ್ಲಿ ಮಾತ್ರ ಚೆಂಡೆ. ನಿಮ್ಮ ಗೇಮ್‌ನಲ್ಲಿ ಸಂಭಾಷಣೆ ತಿದ್ದುವ ಮೊದಲು ಸಂಗೀತ ತೆಗೆದು ಒಮ್ಮೆ ಆಡಿಸಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಕೊನೆಯ ಮೂರು ರಾತ್ರಿಗಳಲ್ಲಿ ಮಾತ್ರ ದಿನದ ಲೆಕ್ಕ ಸ್ವಲ್ಪ ಬೇರೆ ಥರ ನಡೆಯುತ್ತದೆ. ಅದು ಹೇಗೆ ಅಂತ ಗೇಮ್ ಬಿಡುಗಡೆಯಾಗುವವರೆಗೆ ಹೇಳುವುದಿಲ್ಲ.