ಹಸಿವು ಅಂದಾಗ ಮೊದಲು ಬೆರಳು, ಆಮೇಲೆ ತಾಟು

ನನ್ನ ಮಗಳಿಗೆ ನಾಲ್ಕು ವರ್ಷ ತುಂಬಿದ ತಿಂಗಳಲ್ಲೇ ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಅಂತ ಗೊತ್ತಾಯಿತು. ದವಾಖಾನೆಯಿಂದ ಬಾಗಲಕೋಟೆ ನವನಗರದ ಮನೆಗೆ ಬಂದ ಮೊದಲ ವಾರ ಅವಳು ಉಂಡು ಕೈ ತೊಳೆದು ಹತ್ತು ನಿಮಿಷಕ್ಕೆಲ್ಲ ರೊಟ್ಟಿ ಬುಟ್ಟಿಯ ಮುಂದೆ ನಿಲ್ಲುತ್ತಿದ್ದಳು. "ಅವ್ವಾ, ಇನ್ನೂ ಹಸಿವಾಗೇತಿ." ನೋಡಲು ಬಂದವರೆಲ್ಲ "ಕೊಡಬ್ಯಾಡವಾ, ಶುಗರ್ ಏರತೈತಿ" ಅನ್ನುವವರೇ. ಒಂದು ದಿನ ನಾನೂ ಬುಟ್ಟಿಯನ್ನು ಎತ್ತಿ ಕಪಾಟಿನ ಮೇಲಿಟ್ಟೆ. ಆ ರಾತ್ರಿ ಅವಳು ನಿದ್ದೆಯಲ್ಲಿ ಬಾಯಿ ಆಡಿಸುತ್ತಿದ್ದಳು. ಬೆಳಗಾಗುವುದರೊಳಗೆ ಬುಟ್ಟಿ ಕೆಳಗೆ ಬಂತು.

ಆ ಹಸಿವು ಹಟವಲ್ಲ. ಇನ್ಸುಲಿನ್ ಇಲ್ಲದ ದಿನಗಳಲ್ಲಿ ಸಕ್ಕರೆ ರಕ್ತದಲ್ಲೇ ಉಳಿದು ಮೂತ್ರದಲ್ಲಿ ಹರಿದು ಹೋಗಿರುತ್ತದೆ. ಮಗು ಎಷ್ಟು ತಿಂದರೂ ಮೈಗೆ ಹತ್ತಿರುವುದಿಲ್ಲ. ಇನ್ಸುಲಿನ್ ಶುರುವಾದ ಮೇಲೆ ಕಳೆದುಕೊಂಡ ತೂಕವನ್ನು ದೇಹ ವಾಪಸ್ ಕೇಳುತ್ತದೆ. ಕೆಲವು ವಾರ ಹೀಗೇ ಇರುತ್ತದೆ. ಆಗ ಊಟ ಕಡಿಮೆ ಮಾಡಬೇಡಿ, ಡಾಕ್ಟರ್‌ಗೆ ಹೇಳಿ ಊಟಕ್ಕೆ ತಕ್ಕ ಇನ್ಸುಲಿನ್ ಹಾಕಿಸಿ. ಇನ್ಸುಲಿನ್ ಚಿಕಿತ್ಸೆ ಬಂದದ್ದು 1922ರಲ್ಲಿ. ಅದಕ್ಕೂ ಮೊದಲು ಈ ಕಾಯಿಲೆಯ ಮಕ್ಕಳನ್ನು ಉಪವಾಸ ಕೆಡವಿ ಇನ್ನಷ್ಟು ದಿನ ಬದುಕಿಸಲು ನೋಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ನಮಗೆ ದಾರಿ ಇದೆ, ಮಗುವನ್ನು ಉಪವಾಸ ಇಡುವ ಕಾರಣ ಇಲ್ಲ.

ಈಗ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು ಅಂದರೆ ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ಮೊದಲು ಬೆರಳು ಚುಚ್ಚಿ ಶುಗರ್ ಮೀಟರ್ ನೋಡುತ್ತೇವೆ (ಇಲ್ಲಿನ ಸಂಖ್ಯೆಗಳೆಲ್ಲ mg/dL ಲೆಕ್ಕ).

70ಕ್ಕಿಂತ ಕೆಳಗಿದ್ದರೆ ಅದು ಲೋ ಶುಗರ್‌ನ ಹಸಿವು. ನನ್ನ ಮಗಳಿಗೆ ಅದು ಬಂದರೆ ಮೂಗಿನ ತುದಿ ಬೆವರುತ್ತದೆ, ಮಾತು ಸಿಡುಕಾಗುತ್ತದೆ. ಆಗ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ನೀರು. ಲೆಕ್ಕ ತೂಕದ ಮೇಲೆ, ಕಿಲೋಗೆ 0.3 ಗ್ರಾಂ. 16 ಕಿಲೋದ ನನ್ನ ಮಗಳಿಗೆ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. ನಿಮ್ಮ ಮಗುವಿನ ಅಳತೆಯನ್ನು ಡಾಕ್ಟರ್ ಕೈಲಿ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ಸಿಹಿ ಅಲ್ಲವಾ ಅಂತ ಅಮೀನಗಡದ ಕರದಂಟು ಕೊಡಬೇಡಿ. ಅದರ ತುಪ್ಪ, ಗೋಡಂಬಿ ಸಕ್ಕರೆ ಏರುವುದನ್ನು ತಡಮಾಡುತ್ತವೆ. ಮಗುವಿಗೆ ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಓಡಿ.

250 ದಾಟಿದ್ದರೆ ಆ ಹಸಿವಿನ ಅರ್ಥ ಬೇರೆ, ಇನ್ಸುಲಿನ್ ಸಾಲುತ್ತಿಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕಳೆದ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದೆವು, ಇನ್ಸುಲಿನ್ ಬಾಟಲಿ, ಅಂದರೆ ವಯಲ್, ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಹೊರಗೆ 40 ಡಿಗ್ರಿ ಮೇಲೆ ಬಿಸಿಲು. ಮರುದಿನದಿಂದ ಮೂರು ದಿನ ಅವಳು ತಿಂದದ್ದೇ ತಿಂದದ್ದು, ಉಚ್ಚೆಗೆ ಎದ್ದದ್ದೇ ಎದ್ದದ್ದು. ಮೀಟರ್ 300ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಕದ್ದು ತಿನ್ನುತ್ತಿದ್ದಾಳೆ ಅಂತ ನಾನು ಬೈದೂಬಿಟ್ಟೆ. ಫೋನಿನಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, "ಬಾಟ್ಲಿ ಎಲ್ಲಿತ್ತು?" ಹೊಸ ವಯಲ್ ತೆರೆದು ಹಾಕಿದ ದಿನ ಸಂಜೆಗೆ 180 ಬಂತು. ಅವಳು ಅರ್ಧ ರೊಟ್ಟಿ ತಾಟಿನಲ್ಲಿ ಬಿಟ್ಟು ಆಡಲು ಓಡಿದಳು. ಆ ಅರ್ಧ ರೊಟ್ಟಿ ನೋಡುತ್ತ ನಾನು ಅತ್ತುಬಿಟ್ಟೆ.

ತೆರೆಯದ ವಯಲ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಬೇಡವೇ ಬೇಡ. ಹೆಪ್ಪುಗಟ್ಟಿದ್ದು ಕೆಟ್ಟಂತೆಯೇ. ತೆರೆದ ದಿನಾಂಕ ಬಾಟಲಿ ಮೇಲೆ ಬರೆಯಿರಿ, ಸಾಮಾನ್ಯವಾಗಿ 28 ದಿನದವರೆಗೆ ಬಳಸುವ ಲೆಕ್ಕ. ಕರೆಂಟ್ ಹೋಗುವ ಊರುಗಳಿಗೆ ಗಡಿಗೆಯ ಉಪಾಯ ಇದೆ. ದೊಡ್ಡ ಗಡಿಗೆಯಲ್ಲಿ ಒದ್ದೆ ಉಸುಕು, ಅದರೊಳಗೆ ಚಿಕ್ಕ ಗಡಿಗೆ, ಅದರಲ್ಲಿ ಡಬ್ಬಿಯೊಳಗೆ ವಯಲ್, ಮೇಲೆ ಒದ್ದೆ ಬಟ್ಟೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಬೇಕು. ಶುಗರ್ ಏರಿದ್ದು ಇಳಿಯದಿದ್ದರೆ ಕೀಟೋನ್ ಪಟ್ಟಿಯಿಂದ ಮೂತ್ರ ನೋಡಿ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲವೇ ಕೀಟೋನ್). ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಒಂದು ಗಳಿಗೆಯೂ ಕಾಯಬೇಡಿ.

ನಂಬರ್ ಸರಿ ಇದ್ದೂ ಹಸಿವು ಅಂದರೆ, ಅದು ಮಗುವಿನ ಹಸಿವು. ಉಣ್ಣಿಸಬೇಕು. ನಮ್ಮ ಕಡೆ "ಜ್ವಾಳದ ರೊಟ್ಟಿ ಎಷ್ಟು ತಿಂದರೂ ಏನಾಗೂದಿಲ್ಲ" ಅನ್ನುತ್ತಾರೆ, ಅದು ತಪ್ಪು. ಜೋಳದಲ್ಲೂ ಕಾರ್ಬೋಹೈಡ್ರೇಟ್ ತುಂಬಾ ಇದೆ, ಬೆಲ್ಲವೂ ಸಕ್ಕರೆಯೇ. ಅತ್ತೆ ಬಡಿಯುವ ರೊಟ್ಟಿ ಒಮ್ಮೆ ಅಂಗೈಯಷ್ಟು, ಒಮ್ಮೆ ತಾಟಿನಷ್ಟು ಆಗುತ್ತಿತ್ತು. ಹಾಗಾಗಿ ಈಗ 400 ಗ್ರಾಂ ಹಿಟ್ಟು ತಕ್ಕಡಿಯಲ್ಲಿ ತೂಗಿ, ನಾದಿ, ಸರಿಯಾಗಿ ಹತ್ತು ಉಂಡಿ ಮಾಡುತ್ತೇವೆ. ರೊಟ್ಟಿ ಎಷ್ಟೇ ಅಗಲ ಬರಲಿ, ಒಂದರಲ್ಲಿ ಹಿಟ್ಟು 40 ಗ್ರಾಂ, ಕಾರ್ಬ್ (ಕಾರ್ಬೋಹೈಡ್ರೇಟ್) ಸುಮಾರು 27 ಗ್ರಾಂ; ಇನ್ಸುಲಿನ್ ಅಳತೆ ಈ ಲೆಕ್ಕದ ಮೇಲೆ. ಅತ್ತೆಗೆ ಮೊದಲು ಸಿಟ್ಟು ಬಂದಿತ್ತು. ಈಗ ನನಗಿಂತ ಮೊದಲು ತಕ್ಕಡಿ ಹಿಡಿಯುವವರು ಅವರೇ.

ತಾಟಿನಲ್ಲಿ ಮೊದಲು ಹಕ್ಕರಕಿ ಸೊಪ್ಪು, ಸೌತೆಕಾಯಿ, ಹೆಸರುಕಾಳು ಪಲ್ಯ, ಮೊಸರು. ರೊಟ್ಟಿ ಆಮೇಲೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಕಾಳಿನಲ್ಲೂ ಕಾರ್ಬ್ ಇದೆ, ಲೆಕ್ಕಕ್ಕೆ ಸೇರಿಸಿ. ನಡುವೆ ಬಾಯಾಡಿಸಲು ಬೇಯಿಸಿದ ತತ್ತಿ, ಪನೀರ್ ತುಂಡು, ತೆಳು ಮಜ್ಜಿಗೆ. ಶೇಂಗಾ ಕೊಡುವುದಾದರೆ ಕುಟ್ಟಿ ಕೊಡಿ, ಇಡೀ ಕಾಳು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕುತ್ತದೆ. ಚುರುಮರಿ ಹಗುರ ಅನಿಸುತ್ತದೆ, ಆದರೆ ಶುಗರ್ ಜಿಗಿಯುತ್ತದೆ.

ಒಂದು ಊಟಕ್ಕೂ ಇನ್ನೊಂದಕ್ಕೂ ಎರಡೂವರೆ, ಮೂರು ತಾಸು ಅಂತರ ಇರಲಿ. ಸದಾ ಮೆಲ್ಲುತ್ತಿದ್ದರೆ ಮೀಟರ್ ಹೇಳುವ ಸಂಖ್ಯೆ ಯಾವ ತಿನಿಸಿನದು ಅಂತ ತಿಳಿಯುವುದಿಲ್ಲ. ಹಿಂದಿನ ಇನ್ಸುಲಿನ್ ಕೆಲಸ ಮಾಡುತ್ತಿರುವಾಗಲೇ ಮತ್ತೊಂದು ಹಾಕಿದರೆ ರಾತ್ರಿ ಲೋ ಆಗುವ ಭಯ.

ತಿಂಗಳುಗಟ್ಟಲೆ ಶುಗರ್ ಸರಿ ಇದ್ದೂ ಹಸಿವು ತಗ್ಗದೆ, ತೂಕವೂ ಏರದಿದ್ದರೆ ಥೈರಾಯ್ಡ್ ಮತ್ತು ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಮೈಗೆ ಒಗ್ಗದ ಕಾಯಿಲೆ) ಪರೀಕ್ಷೆ ಬಗ್ಗೆ ಡಾಕ್ಟರ್‌ನ ಕೇಳಿ. ಟೈಪ್ 1 ಇರುವ ಮಕ್ಕಳಲ್ಲಿ ಇವೆರಡೂ ಹೆಚ್ಚು.

ಬಾದಾಮಿಯ ಬನಶಂಕರಿ ಜಾತ್ರೆಗೆ ಈ ಸಲ ಕರೆದುಕೊಂಡು ಹೋಗಿದ್ದೆ. ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ಅಜ್ಜಿಯ ಕಡೆ ಕಟಕ ರೊಟ್ಟಿ, ಕುಡಿಕೆ ಮೊಸರು ನೋಡಿ ನನ್ನ ಸೆರಗು ಎಳೆದಳು. "ಅವ್ವಾ, ಹಸಿವಾಗೇತಿ" ಅಂದವಳೇ ನಾನು ಕೇಳುವ ಮೊದಲೇ ಎಡಗೈ ಬೆರಳು ಮುಂದೆ ಚಾಚಿದಳು. 128. ಇನ್ಸುಲಿನ್ ಹಾಕಿ, ಕಲ್ಲುಕಟ್ಟೆ ಮೇಲೆ ಕೂತು ಇಬ್ಬರೂ ಉಂಡೆವು.