ಅಡುಗೆಮನೆಗೆ ಟಿವಿ: ಮೊದಲು ಗೋಡೆ ನೋಡಿ

ಅಡುಗೆಮನೆಗೆ ಟಿವಿ ತರುವ ಮೊದಲು ಅದನ್ನು ಯಾವ ಗೋಡೆಗೆ ಹಾಕಬೇಕು ಅಂತ ತೀರ್ಮಾನಿಸಿ. ಇಲ್ಲಿ ಟಿವಿಗೆ ಕಾಟ ಕೊಡುವುದು ಬಿಸಿ, ಹಬೆ ಮತ್ತು ಒಗ್ಗರಣೆಯ ಜಿಡ್ಡು. ಸಜ್ಜದ ಅಂಚು, ಡಬ್ಬಗಳ ಮುಚ್ಚಳ, ಟೈಲ್ಸ್ ಮೇಲೆ ಬೆರಳಾಡಿಸಿ ನೋಡಿ. ಅಂಟಂಟಾಗಿದ್ದರೆ ಆ ಜಾಗ ಬೇಡ. ಒಲೆಯ ಮೇಲೆ, ಸಿಂಕ್ ಮೇಲೆ ಅಂತೂ ಬೇಡವೇ ಬೇಡ. ಒಲೆ ಮುಂದೆ ನಿಂತಾಗ ಬೆನ್ನಿಗೆ ಬರುವ ಗೋಡೆಯೂ ಒಳ್ಳೆಯದಲ್ಲ. ಕಾದ ಎಣ್ಣೆ ಬಿಟ್ಟು ಹಿಂದೆ ತಿರುಗಬೇಕಾಗುತ್ತದೆ ಅಲ್ವಾ? ತರಕಾರಿ ಹೆಚ್ಚುವ ಕಡೆಯ ಪಕ್ಕದ ಗೋಡೆಯೇ ಸರಿ. ನಿಂತವರ ಕಣ್ಣಿನ ಎತ್ತರಕ್ಕಿರಲಿ. ಸಣ್ಣ ಅಡುಗೆಮನೆಗೆ 24 ಇಂಚಿನ ಟಿವಿ ಧಾರಾಳವಾಯಿತು.

ಮುಂದೆ ಕರೆಂಟು. ಮಿಕ್ಸಿಯ ಪ್ಲಗ್ಗಿನಿಂದ ಎಕ್ಸ್‌ಟೆನ್ಶನ್ ಎಳೆದು ಕಟ್ಟೆಯ ಮೇಲೆ ವೈರ್ ಹಾಯಿಸಬೇಡಿ. ಅರ್ಥಿಂಗ್ ಇರುವ 6 ಆಂಪಿಯರ್ ಸಾಕೆಟ್ ಒಂದನ್ನು ಟಿವಿ ಪಕ್ಕದಲ್ಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತಲೂ ಕೇಳಿ. ಶಾಕ್ ಹೊಡೆದಾಗ ಕ್ಷಣದಲ್ಲಿ ಕರೆಂಟು ಕಡಿಯುವುದು ಅದೇ. ವೈರನ್ನು ಸಾಕೆಟ್‌ಗಿಂತ ಸ್ವಲ್ಪ ಕೆಳಗೆ ಜೋತು ಬಿಟ್ಟು ಮೇಲೆ ತನ್ನಿ. ಹಬೆಯ ನೀರು ವೈರ್ ಗುಂಟ ಇಳಿದರೂ ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಬ್ರಾಕೆಟ್ ಕೊಳ್ಳುವಾಗ ಟಿವಿ ಹಿಂದಿನ ತೂತುಗಳ ನಡುವಿನ ಅಂತರ ಅಳೆದುಕೊಂಡು ಹೋಗಿ: 75, 100 ಅಥವಾ 200 ಮಿಲಿಮೀಟರ್ ಇರುವುದು ಸಾಮಾನ್ಯ. ಟಿವಿಯ ಭಾರ ತಡೆಯುತ್ತದಾ ಅಂತಲೂ ನೋಡಿ.

ಡ್ರಿಲ್ ಮಾಡುವಾಗ ಅವಸರ ಬೇಡ. ಸ್ವಿಚ್ ಬೋರ್ಡ್ ಮತ್ತು ನಲ್ಲಿಯ ನೇರಕ್ಕೆ, ಮೇಲೂ ಕೆಳಗೂ, ತೂತು ಕೊರೆಯಬೇಡಿ. ಗೋಡೆಯೊಳಗೆ ವೈರೋ ಪೈಪೋ ಹೋಗಿರಬಹುದು. ಮೇನ್ ಬೋರ್ಡಿನಲ್ಲಿ ಅಡುಗೆಮನೆಯ ಕರೆಂಟು ಕಡಿಯುವ ಸ್ವಿಚ್ಚು, ಅಂದರೆ ಎಂಸಿಬಿ, ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಕರೆಂಟು ತೆಗೆದುಕೊಳ್ಳಿ. ಟೈಲ್ಸ್ ಇದ್ದರೆ ಡ್ರಿಲ್ಲಿಗೆ ಟೈಲ್ಸ್ ಕೊರೆಯುವ ಬಿಟ್ (ಕೊರೆಯುವ ಮೊನೆ) ಹಾಕಿ, ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಡ್ರಿಲ್ಲಿನ ಹ್ಯಾಮರ್ (ಬಡಿಯುವ) ಮೋಡ್ ಆಫ್ ಮಾಡಿ ನಿಧಾನಕ್ಕೆ ಕೊರೆಯಿರಿ. ಸ್ಕ್ರೂ ಹಿಡಿದುಕೊಳ್ಳಲು ತೂತಿಗೆ ಹಾಕುವ ಆಂಕರ್ ಬರೀ ಗಾರೆಯಲ್ಲಿ ನಿಂತರೆ ಸಾಲದು, ಇಟ್ಟಿಗೆಯೊಳಗೆ ಕೂರಬೇಕು. ಹಾಲೋ ಬ್ಲಾಕ್ ಗೋಡೆಗೆ ಅದಕ್ಕೇ ಅಂತ ಬರುವ ಆಂಕರ್ ಕೇಳಿ ತನ್ನಿ. ಟಿವಿ ತೂಗುಹಾಕುವ ಮೊದಲು ಬ್ರಾಕೆಟ್ಟನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಚೂರು ಅಲ್ಲಾಡಿದರೂ ಬಿಚ್ಚಿ ಮತ್ತೆ ಹಾಕಿ.

ಜಿಡ್ಡು ಕೂರುತ್ತದೆ ಅಂತ ಟಿವಿ ಓಡುವಾಗ ಬಟ್ಟೆ ಹೊದಿಸಬೇಡಿ, ಬಿಸಿ ಹೊರಗೆ ಹೋಗಬೇಕು. ವಾರಕ್ಕೊಮ್ಮೆ ಪ್ಲಗ್ ತೆಗೆದು ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ. ಪರದೆಗೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ.

ಮನೆಯವರಿಗೆಲ್ಲ ಇದೊಂದು ಹೇಳಿಡಿ: ಗ್ಯಾಸ್ ವಾಸನೆ ಬಂದರೆ ಟಿವಿ ಆನ್ ಮಾಡುವುದೂ ಬೇಡ, ಆಫ್ ಮಾಡುವುದೂ ಬೇಡ. ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ, ಅಲ್ಲಿಂದ 1906ಕ್ಕೆ ಫೋನ್ ಮಾಡಿ.